ಊಟದ ಮನೆಯ ಮರದ ಕುರ್ಚಿ: ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ ಮೊದಲು ದನ ಕಟ್ಟುತ್ತಿದ್ದ ಕೊಟ್ಟಿಗೆಯಲ್ಲಿ ಈಗ ನಾವು ಕುರ್ಚಿ ಮಾಡುತ್ತೇವೆ. ಹೆಚ್ಚಾಗಿ ಊಟದ ಕುರ್ಚಿಗಳು, ಎಲ್ಲವೂ ಕೈಕೆಲಸ. ಫೋನಿನಲ್ಲಿ ದಿನಾ ಅವೇ ಪ್ರಶ್ನೆಗಳಿಗೆ ಉತ್ತರ ಹೇಳಿ ಹೇಳಿ ಸಾಕಾಗಿ, ಒಂದು ಕಡೆ ಬರೆದಿಟ್ಟಿದ್ದೇನೆ. ಕುರ್ಚಿ ಮಾಡಿಸುವವರಿಗೂ ತಾವೇ ಮಾಡಬೇಕು ಅನ್ನುವವರಿಗೂ ಇದು ಉಪಯೋಗಕ್ಕೆ ಬರಬಹುದು.

ಊಟದ ಕುರ್ಚಿಯ ಎತ್ತರ ಎಷ್ಟಿರಬೇಕು?

ಪುಸ್ತಕಗಳಲ್ಲಿ ಇರುವ ಲೆಕ್ಕ 18 ಇಂಚು. ಮೇಜು 30 ಇಂಚು ಎತ್ತರ ಇದ್ದರೆ ಕೂರುವ ಹಲಗೆಗೂ ಮೇಜಿನ ಮೇಲ್ಭಾಗಕ್ಕೂ ನಡುವೆ 12 ಇಂಚು ಸಿಗುತ್ತದೆ. 10ರಿಂದ 12 ಇಂಚು ಇದ್ದರೆ ಊಟಕ್ಕೆ ಆರಾಮ.

ಆದರೆ ಆ 18 ಇಂಚು ಬೂಟು ಹಾಕಿಕೊಂಡು ಊಟಕ್ಕೆ ಕೂರುವವರ ಅಳತೆ. ನಾವು ಮನೆಯೊಳಗೆ ಬರಿಗಾಲಲ್ಲಿ ಇರುತ್ತೇವೆ ಅಲ್ವಾ? ಅಲ್ಲೇ ಮುಕ್ಕಾಲು ಇಂಚೋ ಒಂದು ಇಂಚೋ ಹೋಯಿತು. ಅದರ ಮೇಲೆ ಮನೆಯ ಅಜ್ಜಿ ಐದಡಿಗಿಂತ ಕಮ್ಮಿ ಎತ್ತರ. ಕಾಲು ನೆಲಕ್ಕೆ ಮುಟ್ಟುವುದಿಲ್ಲ, ತೊಡೆಯ ಕೆಳಗೆ ಹಲಗೆಯ ಅಂಚು ಒತ್ತುತ್ತದೆ, ಹತ್ತು ನಿಮಿಷದಲ್ಲಿ ಕಾಲು ಜೋಮು ಹಿಡಿಯುತ್ತದೆ. ಅಂಗಡಿಯ ಕುರ್ಚಿಯಲ್ಲಿ ಅಜ್ಜಿಯರು ತುದಿಯಲ್ಲೇ ಕೂತು ಊಟ ಮುಗಿಸಿ ಏಳುವುದು ಇದಕ್ಕೇ.

ನಾವು ಸಾಮಾನ್ಯವಾಗಿ ಮಾಡುವುದು 17 ಇಂಚು. ಮನೆಯಲ್ಲಿ ಎಲ್ಲರೂ ಗಿಡ್ಡ ಇದ್ದರೆ 16 ಅಥವಾ ಹದಿನಾರೂಕಾಲು ಇಂಚು. ಮೇಜನ್ನೂ ಹೊಸದಾಗಿ ಮಾಡಿಸುವುದಾದರೆ ಅದನ್ನೂ 28 ಅಥವಾ 29 ಇಂಚಿಗೆ ಇಳಿಸಿ. ಅಳತೆ ತೆಗೆಯುವುದು ಸುಲಭ. ಬರಿಗಾಲಲ್ಲಿ ಕೂತು, ಮಂಡಿಯ ಹಿಂದಿನ ಮಡಿಕೆಯಿಂದ ನೆಲದವರೆಗೆ ಟೇಪು ಹಿಡಿಯಿರಿ. ಕುರ್ಚಿ ಅದಕ್ಕಿಂತ ಎತ್ತರ ಇರಬಾರದು.

ಉಳಿದ ಅಳತೆಗಳು?

ಮುಂದೆ 18 ಇಂಚು ಅಗಲ, ಹಿಂದೆ 15ರಿಂದ 16. ಆಳ 16ರಿಂದ 17. ಕೂರುವ ಹಲಗೆ ಹಿಂದಕ್ಕೆ ಎರಡು ಮೂರು ಡಿಗ್ರಿ ಇಳಿಜಾರು, ಒರಗು ಐದರಿಂದ ಹತ್ತು ಡಿಗ್ರಿ ಹಿಂದಕ್ಕೆ. ನಾವು ಐದಾರು ಡಿಗ್ರಿಗೇ ನಿಲ್ಲಿಸುತ್ತೇವೆ. ಕೈಯಲ್ಲಿ ಅನ್ನ ಕಲಸಿ ತಿನ್ನುವವರು ತಟ್ಟೆಯ ಮೇಲೆ ಮುಂದಕ್ಕೆ ಬಾಗುತ್ತಾರೆ. ಒರಗು ಜಾಸ್ತಿ ಹಿಂದಕ್ಕೆ ಹೋದರೆ ಸಾರು ಅಂಗಿಯ ಮೇಲೆ ಬೀಳುತ್ತದೆ. ಮೇಜಿನ ಸುತ್ತ ಒಬ್ಬೊಬ್ಬರಿಗೆ 24 ಇಂಚು ಜಾಗ ಲೆಕ್ಕ ಹಾಕಿ. ಆರಡಿ ಮೇಜಿನ ಉದ್ದ ಬದಿಗೆ ಮೂರು ಕುರ್ಚಿ, ನಾಲ್ಕಲ್ಲ.

ನಮ್ಮ ಮನೆಯಲ್ಲಿ ಎಲ್ಲರೂ ಕುರ್ಚಿಯ ಮೇಲೂ ಚಕ್ಕಳಮಕ್ಕಳ ಹಾಕಿಯೇ ಕೂರುವುದು. ಏನು ಮಾಡಬೇಕು?

ನಾಚಿಕೆ ಪಡಬೇಡಿ, ಅರ್ಧ ಜನ ಹಾಗೇ. ಮಣೆಯ ಮೇಲೆ ಕೂತು ಉಂಡ ಅಭ್ಯಾಸ ಅಷ್ಟು ಬೇಗ ಹೋಗುವುದಿಲ್ಲ. ಮೊದಲೇ ಹೇಳಿದರೆ ಕೈಯಿಲ್ಲದ ಕುರ್ಚಿ ಮಾಡಿ ಅಗಲವನ್ನು 21 ಇಂಚಿಗೆ, ಆಳವನ್ನು 18ಕ್ಕೆ ಏರಿಸುತ್ತೇವೆ. ಒಂದು ಎಚ್ಚರಿಕೆ. ಕಾಲು ಮೇಲೆತ್ತಿ ಕೂತಾಗ ಮೈ ಅತ್ತಿತ್ತ ವಾಲುತ್ತದೆ, ಅದರಿಂದ ಪಕ್ಕದ ಜೋಡಣೆಗಳಿಗೆ ಜಾಸ್ತಿ ಕೆಲಸ. ಹಾಗಾಗಿ ಇಂಥ ಕುರ್ಚಿಗೆ ಕೆಳಗಿನ ಅಡ್ಡಕೋಲುಗಳನ್ನು ಬಿಡುವ ಹಾಗಿಲ್ಲ.

ಯಾವ ಮರ ಒಳ್ಳೆಯದು?

ಎಲ್ಲರೂ ತೇಗ ಅನ್ನುತ್ತಾರೆ. ತಪ್ಪಿಲ್ಲ. ತೇಗ ಒಣಗಿದ ಮೇಲೆ ಹೆಚ್ಚು ಆಡುವುದಿಲ್ಲ, ಅಂದರೆ ಮಳೆಗಾಲಕ್ಕೆ ಉಬ್ಬಿ ಬೇಸಿಗೆಗೆ ಕುಗ್ಗುವುದು ಕಮ್ಮಿ. ಅದರಲ್ಲಿರುವ ಎಣ್ಣೆಯಿಂದ ಗೆದ್ದಲು ಹತ್ತಿರ ಬರುವುದಿಲ್ಲ. ಅದೇ ಎಣ್ಣೆಯಿಂದ ಅಂಟು ಸರಿಯಾಗಿ ಹಿಡಿಯುವುದಿಲ್ಲ, ಜೋಡಿಸುವ ಮೊದಲು ಥಿನ್ನರ್ ಬಟ್ಟೆಯಿಂದ ಒರೆಸಬೇಕು. ತೇಗದಲ್ಲಿ ಮರಳಿನ ಅಂಶ ಇರುವುದರಿಂದ ಉಳಿ ಬೇಗ ಮೊಂಡಾಗುತ್ತದೆ. ಉತ್ತರ ಕನ್ನಡದ ದಾಂಡೇಲಿ ಕಡೆಯ ತೇಗ ಅಂದರೆ ನಮ್ಮ ಆಚಾರ್ರುಗಳಿಗೆ ಇವತ್ತಿಗೂ ಪ್ರೀತಿ.

ನನ್ನನ್ನು ಕೇಳಿದರೆ ಊಟದ ಕುರ್ಚಿಗೆ ಹಲಸು ತೇಗಕ್ಕೇನೂ ಕಮ್ಮಿಯಿಲ್ಲ. ವೀಣೆಗೂ ಮೃದಂಗಕ್ಕೂ ಅದೇ ಮರ. ಉಳಿಗೆ ಹಿತವಾಗಿ ಬಗ್ಗುತ್ತದೆ. ಹೊಸದರಲ್ಲಿ ಅರಿಶಿನದ ಬಣ್ಣ, ವರ್ಷ ಕಳೆದ ಹಾಗೆ ಜೇನಿನ ಬಣ್ಣಕ್ಕೆ ತಿರುಗುತ್ತದೆ. ಹಿತ್ತಲಲ್ಲಿ ಗಾಳಿಗೆ ಬಿದ್ದ ಹಳೇ ಹಲಸಿನ ಮರ ಇದ್ದರೆ ಸೌದೆ ಮಾಡಬೇಡಿ. ಆರು ಕುರ್ಚಿ ಅದರಲ್ಲಿ ಮಲಗಿರುತ್ತವೆ.

ಹೊನ್ನೆ ಗಟ್ಟಿ, ಚೆಂದ. ಆದರೆ ಒದ್ದೆಯಾದರೆ ಹಳದಿ ಬಣ್ಣ ಬಿಡುತ್ತದೆ. ಪಾಲಿಶ್ ಸರಿಯಾಗಿ ಆಗದ ಹೊನ್ನೆ ಕುರ್ಚಿಯ ಮೇಲೆ ಬಿಳಿ ಪಂಚೆಯಲ್ಲಿ ಕೂತವರಿಗೆ ಕೇಳಿ, ಹೇಳುತ್ತಾರೆ. ಮತ್ತಿ ಬಹಳ ಗಟ್ಟಿ, ಬಹಳ ಭಾರ, ಒಣಗುವಾಗ ಸೀಳುತ್ತದೆ. ಮನೆಯ ತೊಲೆಗೆ ಇರಲಿ. ನಂದಿ ಬಾಗಿಲ ಚೌಕಟ್ಟಿಗೆ ಒಳ್ಳೆಯದು, ಕುರ್ಚಿಗೂ ನಡೆಯುತ್ತದೆ. ಮಾವಿನ ಮರ ಅಗ್ಗ, ಆದರೆ ಮರ ಕೊರೆಯುವ ಕುಟ್ಟೆ ಹುಳಕ್ಕೆ ಹಬ್ಬದೂಟ.

ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟದವರು ಸಿಲ್ವರ್ ಓಕ್ ಬಗ್ಗೆ ಕೇಳುತ್ತಾರೆ. ನೆರಳಿಗೂ ಮೆಣಸಿನ ಬಳ್ಳಿಗೂ ಅಂತ ಬೆಳೆಸಿದ ಆಸ್ಟ್ರೇಲಿಯದ ಮರ ಅದು. ಕೊಯ್ಯುವ ದಿಕ್ಕು ಸರಿಯಾಗಿದ್ದರೆ ಹಲಗೆಯ ಮೇಲೆ ಜರಿಯಂಥ ಹೊಳೆಯುವ ಮಚ್ಚೆಗಳು ಮೂಡುತ್ತವೆ, ನೋಡಲು ಬಹಳ ಚೆಂದ. ಆದರೆ ಮೆದು. ಒರಗಿನ ಪಟ್ಟಿಗೆ, ಕೂರುವ ಹಲಗೆಗೆ ಹಾಕುತ್ತೇವೆ. ಹಿಂಗಾಲಿಗೆ ಹಾಕುವುದಿಲ್ಲ. ಕೆಲವರಿಗೆ ಅದರ ಪುಡಿಯಿಂದ ಮೈ ತುರಿಕೆ ಬರುತ್ತದೆ, ತೋಳು ಮುಚ್ಚುವ ಅಂಗಿ ಹಾಕಿಕೊಂಡು ಕೆಲಸ ಮಾಡಿ.

ಬೀಟೆ ಮರದಲ್ಲಿ ಮಾಡಿ ಕೊಡುತ್ತೀರಾ?

ಹೊಸ ಮರದಲ್ಲಿ ಇಲ್ಲ. ಬೀಟೆ ಕಡಿಯುವುದಕ್ಕೂ ಸಾಗಿಸುವುದಕ್ಕೂ ಅರಣ್ಯ ಇಲಾಖೆಯ ಅನುಮತಿ ಬೇಕು. 2017ರ ಜನವರಿಯಿಂದ ಬೀಟೆಯ ಬಳಗದ ಮರಗಳು ಬಹುತೇಕ ಎಲ್ಲವೂ, ಕಾಡಿನ ಗಿಡ ಪ್ರಾಣಿಗಳ ವ್ಯಾಪಾರಕ್ಕೆ ಮಿತಿ ಹಾಕುವ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಯಲ್ಲಿವೆ, ಹೊರದೇಶಕ್ಕೆ ಕಳಿಸಬೇಕಾದರೆ ಅದರ ಕಾಗದಪತ್ರ ಬೇರೆ. ನಿಮ್ಮದೇ ಹಳೇ ಮಂಚವೋ ಬೀರುವೋ ಮುರಿದಿದ್ದರೆ ತನ್ನಿ, ಅದರಿಂದ ಮಾಡೋಣ.

ಅಂಗಡಿಯವರು ಬರ್ಮಾ ತೇಗ ಅಂತ ಕೊಟ್ಟಿದ್ದಾರೆ. ಹೌದೋ ಅಲ್ಲವೋ ಹೇಗೆ ಗೊತ್ತಾಗುತ್ತದೆ?

ಫೋಟೋ ನೋಡಿ ಹೇಳಲು ಆಗುವುದಿಲ್ಲ, ದಯವಿಟ್ಟು ಕಳಿಸಬೇಡಿ. ಈಗ ಮಾರುಕಟ್ಟೆಗೆ ಆಫ್ರಿಕಾದಿಂದಲೂ ದಕ್ಷಿಣ ಅಮೆರಿಕದಿಂದಲೂ ಬೆಳೆಸಿದ ತೇಗ ಬರುತ್ತದೆ. ಅದೂ ತೇಗವೇ, ಆದರೆ ಎಳೇ ಮರ, ಚೇಗು, ಅಂದರೆ ನಡುವಿನ ಗಟ್ಟಿ ಭಾಗ, ಕಮ್ಮಿ, ಸುತ್ತಲಿನ ಬಿಳಿ ಭಾಗ ಜಾಸ್ತಿ. ಹೆಸರು ಯಾವುದಾದರೂ ಇರಲಿ, ಹಲಗೆಯ ತುದಿ ನೋಡಿ. ಬಿಳಿ ಭಾಗ ಎಷ್ಟಿದೆ, ಗಂಟು ಎಲ್ಲಿದೆ ಅಂತ ನೋಡಿ ಕೊಳ್ಳಿ. ಮರದ ಜಾತಿಯ ಬಗ್ಗೆಯೇ ಅನುಮಾನ ಇದ್ದರೆ ಬೆಂಗಳೂರಿನ ಮಲ್ಲೇಶ್ವರದಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ. ಮರ ಗುರುತಿಸುವುದೇ ಅವರ ಕೆಲಸಗಳಲ್ಲಿ ಒಂದು.

ಮರ ಎಷ್ಟು ಒಣಗಿರಬೇಕು?

ತೇವಾಂಶ 8ರಿಂದ 12 ಪ್ರತಿಶತ. ತೇವ ಅಳೆಯುವ ಸಣ್ಣ ಯಂತ್ರ ಸಿಗುತ್ತದೆ, ಕೊಳ್ಳಿ. ಅದಕ್ಕೆ ಕೊಟ್ಟ ದುಡ್ಡು ಒಂದೇ ಕುರ್ಚಿಯಲ್ಲಿ ವಾಪಸು ಬರುತ್ತದೆ.

ಇದನ್ನು ನಾನು ಕಲಿತದ್ದು ಪೆಟ್ಟು ತಿಂದು. ಶುರುವಿನ ವರ್ಷಗಳಲ್ಲಿ ಒಬ್ಬ ಮರದ ವ್ಯಾಪಾರಿ "ಎರಡು ವರ್ಷ ಒಣಗಿದ್ದು" ಅಂತ ಹಲಗೆ ಕೊಟ್ಟರು. ನಾನು ನಂಬಿದೆ. ಮಳೆಗಾಲದಲ್ಲಿ ಆರು ಕುರ್ಚಿ ಮಾಡಿ ಬಳ್ಳಾರಿಯ ಒಂದು ಮನೆಗೆ ಕಳಿಸಿದೆ. ಏಪ್ರಿಲ್ ಹೊತ್ತಿಗೆ ಫೋನು ಬಂತು. ಕೂತರೆ ಕಿರ್ ಕಿರ್ ಸದ್ದು. ಬಳ್ಳಾರಿಯ ಬಿಸಿಲಿಗೆ ಮರ ಇನ್ನಷ್ಟು ಒಣಗಿ, ಜೋಡಣೆಯೊಳಗೆ ಸೇರಿಸಿದ ಪಟ್ಟಿಯ ತುದಿಗಳು, ಅಂದರೆ ನಾಲಿಗೆಗಳು, ಕುಗ್ಗಿ ಸಡಿಲ ಆಗಿದ್ದವು. ಆರನ್ನೂ ವಾಪಸು ತರಿಸಿ ಬಿಚ್ಚಿ ಮತ್ತೆ ಮಾಡಿದೆ. ವ್ಯಾಪಾರಿ ಸುಳ್ಳು ಹೇಳಿದ್ದು ನಿಜ. ಅಳೆಯದೇ ಇದ್ದದ್ದು ನನ್ನ ತಪ್ಪು.

ಈಗ ಹಲಗೆ ಬಂದ ಕೂಡಲೇ ಮುಟ್ಟುವುದಿಲ್ಲ. ಅಟ್ಟದಲ್ಲಿ ನಡುನಡುವೆ ರೀಪು ಇಟ್ಟು ಪೇರಿಸಿ, ಗಾಳಿಯಾಡಲು ಬಿಡುತ್ತೇವೆ. ಮರ ಉದ್ದಕ್ಕೆ ಕುಗ್ಗುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ಆಡುವುದೆಲ್ಲ ಅಗಲಕ್ಕೆ. 18 ಇಂಚಿನ ತೇಗದ ಹಲಗೆ ಕೂಡ ಮಳೆಗಾಲಕ್ಕೂ ಬೇಸಿಗೆಗೂ 2ರಿಂದ 4 ಮಿಲಿಮೀಟರ್ ಹಿಗ್ಗಿ ಕುಗ್ಗಬಹುದು. ಅದಕ್ಕೇ ಕೂರುವ ಹಲಗೆಯನ್ನು ಚೌಕಟ್ಟಿಗೆ ಅಂಟಿಸಿಬಿಡಬಾರದು. ಮರಕ್ಕೆ ಆಡಲು ಜಾಗ ಕೊಟ್ಟು, ಕೆಳಗಿನಿಂದ ಉದ್ದ ತೂತಿನ ಸ್ಕ್ರೂ ಅಥವಾ ಮರದ ಕೊಕ್ಕೆಯಿಂದ ಹಿಡಿಸಬೇಕು. ಅಂಟಿಸಿದರೆ ಒಂದು ದಿನ ಟಪ್ ಅಂತ ಹಲಗೆ ನಡುವೆ ಸೀಳುತ್ತದೆ. ರಾತ್ರಿ ಸೀಳಿದರೆ ಮನೆಯವರೆಲ್ಲ ಎದ್ದು ಕೂರುತ್ತಾರೆ.

ಮೊಳೆ, ಸ್ಕ್ರೂ ಇಲ್ಲದೆ ಕುರ್ಚಿ ನಿಲ್ಲುತ್ತದಾ?

ನಿಲ್ಲುತ್ತದೆ. ಮೊಳೆ ಹೊಡೆದ ಕುರ್ಚಿಗಿಂತ ಜಾಸ್ತಿ ದಿನ ನಿಲ್ಲುತ್ತದೆ.

ಊಟ ಆದ ಮೇಲೆ ನಾವೆಲ್ಲ ಏನು ಮಾಡುತ್ತೇವೆ? ಹಿಂದಕ್ಕೆ ವಾಲಿ, ಮುಂಗಾಲು ಎತ್ತಿ, ಎರಡೇ ಹಿಂಗಾಲ ಮೇಲೆ ತೂಗುತ್ತೇವೆ. ಆಗ ಮೈಯ ಭಾರವೆಲ್ಲ ಬೀಳುವುದು ಒಂದೇ ಕಡೆ: ಪಕ್ಕದ ಅಡ್ಡಪಟ್ಟಿ ಹಿಂಗಾಲಿಗೆ ಸೇರುವ ಜಾಗ. ಕುರ್ಚಿ ಮುರಿದರೆ ನೂರಕ್ಕೆ ತೊಂಬತ್ತು ಸಲ ಅಲ್ಲೇ ಅನ್ನುವುದು ನನ್ನ ಅನುಭವ. ಮೊಳೆ ಹೊಡೆದಿದ್ದರೆ ದಿನಾ ಸ್ವಲ್ಪ ಸ್ವಲ್ಪ ಅಲ್ಲಾಡಿ ತೂತು ದೊಡ್ಡದಾಗುತ್ತಾ ಹೋಗುತ್ತದೆ.

ನಾವು ಮಾಡುವುದು ಹೀಗೆ. ಕಾಲಿನಲ್ಲಿ ಉಳಿಯಿಂದ ಆಯತದ ಗುಂಡಿ ಕೊರೆಯುತ್ತೇವೆ. ಅಡ್ಡಪಟ್ಟಿಯ ತುದಿಯನ್ನು ನಾಲಿಗೆಯ ಹಾಗೆ ಕಡೆದು ಅದರೊಳಗೆ ಸೇರಿಸುತ್ತೇವೆ. ನಾಲಿಗೆಯ ದಪ್ಪ ಪಟ್ಟಿಯ ದಪ್ಪದ ಮೂರನೇ ಒಂದು ಭಾಗ ಅಥವಾ ಸ್ವಲ್ಪ ಜಾಸ್ತಿ, ಉದ್ದ ಒಂದೂಕಾಲು ಇಂಚು. ಎರಡು ದಿಕ್ಕಿನಿಂದ ಬರುವ ನಾಲಿಗೆಗಳು ಕಾಲಿನೊಳಗೆ ಒಂದನ್ನೊಂದು ಮುಟ್ಟುವ ಕಡೆ ತುದಿಗಳನ್ನು ಓರೆಯಾಗಿ ಕತ್ತರಿಸಿದರೆ ಎರಡಕ್ಕೂ ಉದ್ದ ಸಿಗುತ್ತದೆ. ಕೈಯಲ್ಲಿ ಒತ್ತಿದರೆ ಅರ್ಧ ಹೋಗಬೇಕು, ಉಳಿದರ್ಧ ಕೊಡತಿಯ ಹಗುರ ಪೆಟ್ಟಿಗೆ ಹೋಗಬೇಕು. ಜೋರಾಗಿ ಬಡಿಯಬೇಕಾಗಿ ಬಂದರೆ ಬಿಗಿ ಜಾಸ್ತಿ, ಕಾಲು ಸೀಳುತ್ತದೆ. ಸುಮ್ನೆ ಜಾರಿಕೊಂಡು ಹೋದರೆ ಸಡಿಲ, ಅಂಟು ಅದನ್ನು ಉಳಿಸುವುದಿಲ್ಲ.

ಹಳೇ ಆಚಾರ್ರು ಇದಕ್ಕೆ ಅಡ್ಡವಾಗಿ ಬಿದಿರಿನ ಮೊಳೆಯೊಂದನ್ನು ಹೊಡೆಯುತ್ತಿದ್ದರು. ಕಾಲಿನ ತೂತಿಗಿಂತ ನಾಲಿಗೆಯ ತೂತನ್ನು ಕೂದಲೆಳೆಯಷ್ಟು ಅಡ್ಡಪಟ್ಟಿಯ ಕಡೆಗೆ ಸರಿಸಿ ಕೊರೆದರೆ, ಬಿದಿರಮೊಳೆ ಹೋಗುವಾಗ ಜೋಡಣೆಯನ್ನು ತಾನೇ ಎಳೆದು ಬಿಗಿ ಮಾಡುತ್ತದೆ. ನಾವು ಹಿಂಗಾಲಿನ ಜೋಡಣೆಗೆ ಇವತ್ತಿಗೂ ಹಾಗೇ ಮಾಡುತ್ತೇವೆ.

ಇನ್ನೊಂದು ವಿಷಯ ಹಿಂಗಾಲಿನದ್ದೇ. ಅದು ಮೇಲೆ ಒರಗಾಗಿ ಹಿಂದಕ್ಕೆ ಬಾಗುತ್ತದೆ. ನೇರ ಹಲಗೆಯ ಮೇಲೆ ಬಾಗಿದ ನಕ್ಷೆ ಇಟ್ಟು ಕೊಯ್ದರೆ, ಬಾಗಿದ ಕಡೆ ಮರದ ಎಳೆ ಅಡ್ಡಡ್ಡ ತುಂಡಾಗಿ ಬಿಡುತ್ತದೆ. ಅಲ್ಲಿ ಅದು ಬಿಸ್ಕತ್ತಿನ ಹಾಗೆ ಮುರಿಯುತ್ತದೆ. ಅದಕ್ಕೇ ಎಳೆಯೇ ಸ್ವಲ್ಪ ಬಾಗಿರುವ ಹಲಗೆ ಹುಡುಕಿ, ಆ ಬಾಗಿನ ಜೊತೆಗೇ ಕಾಲು ತೆಗೆಯಬೇಕು. ನಮ್ಮ ಅಟ್ಟದಲ್ಲಿ "ಹಿಂಗಾಲಿಗೆ" ಅಂತ ಸೀಮೆಸುಣ್ಣದಲ್ಲಿ ಬರೆದಿಟ್ಟ ಹಲಗೆಗಳೇ ಬೇರೆ. ಅವನ್ನು ಬೇರೆ ಕೆಲಸಕ್ಕೆ ಯಾರಾದರೂ ಮುಟ್ಟಿದರೆ ಆ ದಿನ ಜಗಳ.

ಮೇಜಿಗಿಂತ ಕುರ್ಚಿಗೆ ಯಾಕೆ ಇಷ್ಟು ದುಡ್ಡು?

ಒಂದು ಕುರ್ಚಿಗೆ ಮರ ಬೇಕಾಗುವುದು ಚೂರುಪಾರು ಸೇರಿ ಸುಮಾರು ಒಂದು ಘನ ಅಡಿ. ದುಡ್ಡು ಹೋಗುವುದು ಕೆಲಸಕ್ಕೆ. ಮೇಜಿನ ಮೂಲೆಗಳೆಲ್ಲ 90 ಡಿಗ್ರಿ. ಕುರ್ಚಿ ಮುಂದೆ ಅಗಲ, ಹಿಂದೆ ಕಿರಿದು, ಹಾಗಾಗಿ ಪಕ್ಕದ ಪಟ್ಟಿಗಳು ಕಾಲಿಗೆ ಸುಮಾರು ಐದು ಡಿಗ್ರಿ ಓರೆಯಾಗಿ ಸೇರಬೇಕು. ಮೂಲೆಮಟ್ಟ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ನಮಗೆ ಒಂದು ಕುರ್ಚಿಗೆ 25 ಗಂಟೆ ಹಿಡಿಯುತ್ತದೆ, ಬೆತ್ತ ಹೆಣೆಯುವುದಿದ್ದರೆ ಇನ್ನೂ ಜಾಸ್ತಿ. ಆರು ಕುರ್ಚಿ ಒಟ್ಟಿಗೆ ಮಾಡಿಸಿದರೆ ಸ್ವಲ್ಪ ಇಳಿಯುತ್ತದೆ, ಯಾಕೆಂದರೆ ಅಚ್ಚು ಒಂದೇ.

ದುಡ್ಡು ಉಳಿಸಬೇಕಾದರೆ ಕೆತ್ತನೆ ಬಿಡಿ, ಪಾಲಿಶ್ ಸರಳ ಮಾಡಿ, ಕುರ್ಚಿಯ ಸಂಖ್ಯೆ ಕಮ್ಮಿ ಮಾಡಿ. ಜೋಡಣೆಯಲ್ಲಿ ಮಾತ್ರ ಚೌಕಾಸಿ ಬೇಡ.

ಒರಗಿನ ಮೇಲೆ ಕೆತ್ತನೆ ಮಾಡಿ ಕೊಡುತ್ತೀರಾ?

ಸಾಗರ, ಸೊರಬ ಅಂದರೆ ಗುಡಿಗಾರರ ಊರು. ಗಂಧದ ಕೆತ್ತನೆಗೆ ಹೆಸರಾದವರು. ಹಾಗಾಗಿ ಈ ಪ್ರಶ್ನೆ ಬಂದೇ ಬರುತ್ತದೆ. ಕೆತ್ತನೆ ಬೇಕಿದ್ದರೆ ಒರಗಿನ ಹಿಂಭಾಗಕ್ಕೆ ಅಥವಾ ಮೇಲಿನ ಪಟ್ಟಿಗೆ ಮಾಡಿಸಿ. ಮುಂಭಾಗದಲ್ಲಿ ಮಾಡಿಸಿದರೆ ನವಿಲಿನ ಕೊಕ್ಕು ಬೆನ್ನುಮೂಳೆಗೆ ಚುಚ್ಚುತ್ತದೆ. ಸಂದಿನಲ್ಲಿ ಸಾಂಬಾರು ಸೇರಿದರೆ ತೆಗೆಯುವುದು ಹಲ್ಲುಜ್ಜುವ ಬ್ರಷ್ಷಿನಿಂದಲೇ. ಇನ್ನೊಂದು ಮಾತು: ಒರಗಿನ ಮೇಲ್ತುದಿ ಚೂಪಾಗಿದ್ದರೆ ಸೀರೆಯ ಸೆರಗು ಸಿಕ್ಕಿಕೊಳ್ಳುತ್ತದೆ. ಕುರ್ಚಿ ಮುಗಿದ ಮೇಲೆ ನಮ್ಮಮ್ಮ ಒಂದು ಹಳೇ ರೇಷ್ಮೆ ಸೀರೆಯನ್ನು ಅದರ ಮೇಲೆಲ್ಲ ಎಳೆದು ನೋಡುತ್ತಾರೆ. ಒಂದೆಳೆ ಸಿಕ್ಕಿದರೂ ಕುರ್ಚಿ ವಾಪಸು ಒಳಗೆ.

ಇಂಟರ್ನೆಟ್ಟಿನಲ್ಲಿ ನೋಡಿದ ಕುರ್ಚಿಯ ಫೋಟೋ ಕಳಿಸಿದರೆ ಹಾಗೇ ಮಾಡುತ್ತೀರಾ?

ಹೆಚ್ಚಾಗಿ ಬರುವುದು ಮೂರು ಫೋಟೋ.

ಒಂದು, ಚಂಡೀಗಢ ಕುರ್ಚಿ. 1950ರ ದಶಕದಲ್ಲಿ ಆ ನಗರ ಕಟ್ಟುವಾಗ ಸ್ವಿಟ್ಜರ್ಲೆಂಡಿನ ವಾಸ್ತುಶಿಲ್ಪಿ ಪಿಯರ್ ಜೆನರೆ ವಿನ್ಯಾಸ ಮಾಡಿದ್ದು. ತೇಗ, ಬೆತ್ತ, ತಲೆಕೆಳಗಾದ ವಿ ಆಕಾರದ ಕಾಲು. ಸರ್ಕಾರಿ ಕಚೇರಿಗಳಲ್ಲಿ ಮುರಿದು ಮೂಲೆಗೆ ಬಿದ್ದಿದ್ದ ಅವು ಆಮೇಲೆ ವಿದೇಶದ ಹರಾಜುಗಳಲ್ಲಿ ದೊಡ್ಡ ಬೆಲೆಗೆ ಹೋದವು. ಆದರೆ ಅದರಲ್ಲಿ ಹೆಚ್ಚು ಜನ ಕೇಳುವುದು ಕೈಯಿರುವ ಕಚೇರಿ ಕುರ್ಚಿ. ಊಟಕ್ಕೆ ಅದರ ಕೈ ಮೇಜಿಗೆ ತಗಲುತ್ತದೆಯೋ ಮೊದಲು ಅಳೆಯಿರಿ.

ಎರಡು, ಹೋಟೆಲುಗಳಲ್ಲಿ ಕಾಣುವ ದುಂಡು ಬಾಗಿನ ಕುರ್ಚಿ. ವಿಯೆನ್ನಾದ ಮಿಖಾಯೆಲ್ ಥೋನೆಟ್ 1859ರಲ್ಲಿ ತಂದ 14ನೇ ನಂಬರಿನದ್ದು ಅದರ ಮೂಲ. ಆರೇ ಮರದ ತುಂಡು. ಬಿಚ್ಚಿಟ್ಟರೆ ಒಂದು ಘನ ಮೀಟರ್ ಪೆಟ್ಟಿಗೆಯಲ್ಲಿ 36 ಕುರ್ಚಿ ಹಿಡಿಸುತ್ತಿದ್ದವು. ಬೀಚ್ ಮರವನ್ನು ಹಬೆಯಲ್ಲಿ ಬೇಯಿಸಿ ಬಗ್ಗಿಸುವುದು ಅದರ ಗುಟ್ಟು. ತೇಗ ಹಾಗೆ ಬಗ್ಗುವುದಿಲ್ಲ. ನಮ್ಮಿಂದ ಆಗುವುದಿಲ್ಲ.

ಮೂರು, ಡೆನ್ಮಾರ್ಕಿನ ಹಾನ್ಸ್ ವೆಗ್ನರ್ 1949ರಲ್ಲಿ ವಿನ್ಯಾಸ ಮಾಡಿದ, ಒರಗಿನಲ್ಲಿ ವೈ ಆಕಾರ ಇರುವ ಕುರ್ಚಿ. ಕೂರುವ ಜಾಗಕ್ಕೆ ಸುಮಾರು 120 ಮೀಟರ್ ಕಾಗದದ ಹುರಿ ಬೇಕು. ನಕಲು ಮಾಡುವುದಿಲ್ಲ, ಆದರೆ ಅದನ್ನು ನೋಡಿ ಕಲಿಯುವುದು ಬಹಳ ಇದೆ.

ಕೂರುವ ಜಾಗಕ್ಕೆ ಹಲಗೆಯೋ ಬೆತ್ತವೋ ಮೆತ್ತೆಯೋ?

ಮಕ್ಕಳಿರುವ ಮನೆಗೆ ಹಲಗೆ. ಒರೆಸಿದರೆ ಮುಗಿಯಿತು. ಹಲಗೆಯನ್ನು ನಡುವೆ ಅರ್ಧ ಇಂಚು ತಗ್ಗಾಗಿ ಕೆರೆದರೆ ಮೆತ್ತೆಯ ಅಗತ್ಯವೇ ಬರುವುದಿಲ್ಲ.

ಸೆಕೆಯ ಊರಿಗೆ ಬೆತ್ತ. ಮಂಗಳೂರು, ಕುಂದಾಪುರದವರು ಕಣ್ಣುಮುಚ್ಚಿ ಬೆತ್ತ ಆರಿಸಿ. ಬೆನ್ನ ಕೆಳಗೆ ಗಾಳಿ ಆಡುತ್ತದೆ. ಜೋತು ಬಿದ್ದರೆ ಹೆದರಬೇಡಿ. ಕುರ್ಚಿ ಬೋರಲು ಹಾಕಿ, ಕೆಳಭಾಗಕ್ಕೆ ಒದ್ದೆ ಬಟ್ಟೆ ಒತ್ತಿ, ನೆರಳಲ್ಲಿ ಒಣಗಿಸಿ. ಒಣಗುತ್ತಾ ಬಿಗಿಯಾಗುತ್ತದೆ. ಹತ್ತಿ ನಿಂತು ಫ್ಯಾನ್ ಒರೆಸಬೇಡಿ, ಅಷ್ಟೇ.

ಮೆತ್ತೆ ಬೇಕಾದರೆ ಬಿಚ್ಚಿ ತೊಳೆಯುವಂಥದ್ದು ಮಾಡಿಸಿ.

ಪಾಲಿಶ್ ಯಾವುದು? ಮನೆಯಲ್ಲಿರುವ ಕೊಬ್ಬರಿ ಎಣ್ಣೆ ಹಚ್ಚಬಹುದಾ?

ಕೊಬ್ಬರಿ ಎಣ್ಣೆ ಬೇಡವೇ ಬೇಡ. ಅದು ಒಣಗುವ ಎಣ್ಣೆ ಅಲ್ಲ. ಜಿಡ್ಡಾಗಿ ಉಳಿದು ಧೂಳು ಹಿಡಿಯುತ್ತದೆ, ನಾರುತ್ತದೆ. ಅಗಸೆ ಎಣ್ಣೆ ಒಣಗುತ್ತದೆ. ಮರಕ್ಕೆ ಅಂತಲೇ ತಯಾರಿಸಿದ ಅಗಸೆ ಎಣ್ಣೆಯನ್ನು ತೆಳುವಾಗಿ ಮೂರು ನಾಲ್ಕು ಸಲ ಹಚ್ಚಿ, ಮೇಲೆ ಜೇನುಮೇಣ ತಿಕ್ಕಿದರೆ ನಮ್ಮ ಕಣ್ಣಿಗೆ ಅದರಷ್ಟು ಚೆಂದ ಬೇರೆ ಇಲ್ಲ.

ಆದರೆ ದಯವಿಟ್ಟು ಇದನ್ನು ಗಮನದಲ್ಲಿಡಿ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯೊಳಗೆ ಆ ಬಿಸಿ ಸೇರಿ ತಾನಾಗೇ ಬೆಂಕಿ ಹತ್ತಬಹುದು. ಬಟ್ಟೆ ಬಿಡಿಸಿ ಹೊರಗೆ ಹರಡಿ ಒಣಗಿಸಿ, ಇಲ್ಲವೇ ನೀರಿನಲ್ಲಿ ಮುಳುಗಿಸಿಡಿ.

ಅರಗಿನ ಸ್ಪಿರಿಟ್ ಪಾಲಿಶ್ ಹೊಳಪು ಚೆಂದ, ಆದರೆ ಬಿಸಿ ಪಾತ್ರೆಗೂ ನೀರಿಗೂ ಬಿಳಿ ಕಲೆ ಬೀಳುತ್ತದೆ. ಕುರ್ಚಿಗೆ ಪರವಾಗಿಲ್ಲ, ಮೇಜಿಗೆ ಬೇಡ. ಪಿಯು, ಅಂದರೆ ಪಾಲಿಯುರೆಥೇನ್ ಪಾಲಿಶ್, ಗಟ್ಟಿ, ಒರೆಸಲು ಸುಲಭ, ಗೀರು ಬಿದ್ದರೆ ಮಾತ್ರ ಪೂರ್ತಿ ಕೆರೆದು ಮತ್ತೆ ಹೊಡೆಯಬೇಕು.

ನೀವು ಕಳಿಸಿದ ಕುರ್ಚಿ ಅಲ್ಲಾಡುತ್ತಿದೆ!

ಮೊದಲು ನೆಲ ನೋಡಿ. ಕುರ್ಚಿಯನ್ನು ಅಲ್ಲೇ ಕಾಲು ಸುತ್ತು ತಿರುಗಿಸಿ. ಅಲ್ಲಾಟ ನಿಂತರೆ ತಪ್ಪು ನೆಲದ್ದು. ಹಳೇ ಕೆಂಪು ಗಾರೆ ನೆಲದ ಮನೆಗಳಲ್ಲಿ ಇದು ಮಾಮೂಲಿ. ತಿರುಗಿಸಿದರೂ ಅದೇ ಕಾಲು ಎತ್ತಿದರೆ ತಪ್ಪು ನಮ್ಮದು, ಕಳಿಸಿ. ನೀವೇ ಕಾಲು ಕೊಯ್ಯಲು ಹೋಗಬೇಡಿ. ಒಂದು ಕಾಲು, ಆಮೇಲೆ ಇನ್ನೊಂದು, ಆಮೇಲೆ ಮತ್ತೆ ಮೊದಲನೆಯದು ಅಂತ ಕೊಯ್ದು ಮಣೆಯಷ್ಟು ಎತ್ತರಕ್ಕೆ ತಂದವರನ್ನು ನೋಡಿದ್ದೇನೆ.

ಅಮಾವಾಸ್ಯೆಯಲ್ಲಿ ಕಡಿದ ಮರಕ್ಕೆ ಕುಟ್ಟೆ ಹಿಡಿಯುವುದಿಲ್ಲ ಅನ್ನುತ್ತಾರೆ. ನಿಜವಾ?

ನಮ್ಮ ಅಜ್ಜನೂ ಹಾಗೇ ಹೇಳುತ್ತಿದ್ದ. ನಾನು ವಾದ ಮಾಡುವುದಿಲ್ಲ. ಕುಟ್ಟೆ ಹುಳ ತಿನ್ನುವುದು ಬಿಳಿ ಭಾಗದಲ್ಲಿರುವ ಗಂಜಿಯನ್ನು. ಬಿಳಿ ಭಾಗ ಕಿತ್ತು ಹಾಕಿ, ಚೆನ್ನಾಗಿ ಒಣಗಿಸಿ, ಮಾವಿನಂಥ ಮರವಾದರೆ ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ನೀರಿನ ಉಪಚಾರ ಮಾಡಿಸಿ. ಆಮೇಲೆ ಹುಣ್ಣಿಮೆಯಾದರೂ ನಡೆಯುತ್ತದೆ.

ವಿದೇಶಕ್ಕೆ ಕಳಿಸುತ್ತೀರಾ?

ಕಳಿಸಿದ್ದೇವೆ, ಆದರೆ ಸಾಗಣೆ ಖರ್ಚು ಕೇಳಿ ಮುಕ್ಕಾಲು ಜನ ಸುಮ್ಮನಾಗುತ್ತಾರೆ. ಚಳಿಗಾಲದಲ್ಲಿ ಹೀಟರ್ ಹಾಕುವ ಮನೆ ಅಂತ ಮೊದಲೇ ತಿಳಿಸಿ, ಮರವನ್ನು ಇನ್ನೂ ಒಣಗಿಸಬೇಕು. ಪ್ಯಾಕಿಂಗ್ ಪೆಟ್ಟಿಗೆಯ ಮರಕ್ಕೂ ಉಪಚಾರ ಮಾಡಿದ ಮುದ್ರೆ ಬೇಕು.

ಅಜ್ಜನ ಕಾಲದ ಕುರ್ಚಿ ಸಡಿಲವಾಗಿದೆ. ಎಸೆಯಬೇಕಾ?

ಎಸೆದರೆ ನಮ್ಮ ಕಡೆ ಎಸೆಯಿರಿ. ಹಳೇ ಕುರ್ಚಿಗೆ ಸರೇಸು ಹಾಕಿರುತ್ತಾರೆ, ಪ್ರಾಣಿಯ ಚರ್ಮ ಮೂಳೆ ಕುದಿಸಿ ಮಾಡಿದ ಅಂಟು. ಬಿಸಿನೀರು ತಾಗಿಸಿದರೆ ಅದು ಬಿಡುತ್ತದೆ, ಜೋಡಣೆ ಹಾಳಾಗದೆ ಬಿಚ್ಚಿಕೊಳ್ಳುತ್ತದೆ. ತೊಳೆದು ಮತ್ತೆ ಅಂಟಿಸಿದರೆ ಮುಂದಿನ ತಲೆಮಾರಿಗೆ ತಯಾರು. ನಡುವೆ ಯಾರೋ ಮೊಳೆ ಹೊಡೆದಿದ್ದರೆ ಮಾತ್ರ ಕಷ್ಟ. ಹಾಗಾಗಿ ಸಡಿಲವಾದ ಕುರ್ಚಿಗೆ ಮೊಳೆ ಹೊಡೆಯಬೇಡಿ, ಸಂದಿಗೆ ಫೆವಿಕಾಲ್ ಸುರಿಯಬೇಡಿ. ಹಾಗೇ ತನ್ನಿ.

ನಾನೇ ಒಂದು ಕುರ್ಚಿ ಮಾಡಬೇಕು. ಎಲ್ಲಿಂದ ಶುರು ಮಾಡಲಿ?

ಸ್ಟೂಲಿನಿಂದ. ನಾಲ್ಕು ಕಾಲು, ನೇರ ಮೂಲೆಗಳು, ಎಂಟು ಜೋಡಣೆ. ಒಂದು ಗರಗಸ, ಕಾಲು ಇಂಚು ಮತ್ತು ಅರ್ಧ ಇಂಚಿನ ಎರಡು ಉಳಿ, ಕೊಡತಿ, ಉಜ್ಜುಗೊರಡು, ಮೂಲೆಮಟ್ಟ ಸಾಕು. ಉಳಿ ಹರಿತ ಮಾಡುವ ಕಲ್ಲನ್ನು ಮರೆಯಬೇಡಿ, ಮೊದಲ ತಿಂಗಳು ಅದರ ಜೊತೆಗೇ ಕಳೆಯಿರಿ. ಸ್ಟೂಲು ಮುಗಿದ ಮೇಲೆ ಕುರ್ಚಿಯ ನಕ್ಷೆಯನ್ನು ಪ್ಲೈವುಡ್ ಮೇಲೆ ನಿಜವಾದ ಅಳತೆಯಲ್ಲೇ ಬರೆಯಿರಿ, ಸಣ್ಣದಾಗಿ ಅಲ್ಲ. ನಂತರ ಅಗ್ಗದ ಪೈನ್ ಮರದಲ್ಲಿ ಸ್ಕ್ರೂ ಹೊಡೆದು ಒಂದು ಕಚ್ಚಾ ಕುರ್ಚಿ ಮಾಡಿ, ಮನೆಯವರನ್ನೆಲ್ಲ ಅದರ ಮೇಲೆ ಕೂರಿಸಿ ಊಟ ಬಡಿಸಿ. ತಿಂಡಿ ಅಲ್ಲ, ಪೂರ್ತಿ ಊಟ. ಪಾಯಸ ಬರುವ ಹೊತ್ತಿಗೆ ಯಾರು ಎಲ್ಲಿ ಮಿಸುಕಾಡುತ್ತಾರೆ ನೋಡಿ, ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳಿ. ತೇಗ ಕೊಯ್ಯುವುದು ಆಮೇಲೆ.